ಮಗನ ಕಿಸೆಯ ಗಾಂಜಾ, ಕಪಾಟಿನ ಬಾಟಲಿ

ಪ್ರಶ್ನೆ: ನಮ್ಮದು ಕುಮಟಾ ತಾಲೂಕು, ಗೋಕರ್ಣದ ಹತ್ತಿರದ ಹಳ್ಳಿ. ಮಗನಿಗೆ 19 ವರ್ಷ, ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದಾನೆ. ಶನಿವಾರ, ಭಾನುವಾರ ಕುಡ್ಲೆ ಬೀಚಿನ ಹತ್ತಿರ ಒಂದು ಹೋಮ್‌ಸ್ಟೇಗೆ ಕೆಲಸಕ್ಕೆ ಹೋಗುತ್ತಾನೆ. ಬಟ್ಟೆ ತೊಳೆಯುವಾಗ ಅವನ ಪ್ಯಾಂಟಿನ ಕಿಸೆಯಲ್ಲಿ ತೆಳು ಕಾಗದದ ಪುಟ್ಟ ಪಾಕೀಟು, ಒಣಗಿದ ಸೊಪ್ಪಿನಂಥ ಪುಡಿ, ಬೀಜ ಸಿಕ್ಕವು. ಕೇಳಿದರೆ ಮೊದಲು ಗೆಳೆಯನದ್ದು ಅಂದ. ಆಮೇಲೆ, ‘ಗಾಂಜಾ ಸೇದಿ ಯಾರೂ ಸತ್ತಿಲ್ಲ, ಶಿವರಾತ್ರಿಗೆ ಬರುವ ಸಾಧುಗಳೂ ಸೇದ್ತಾರೆ, ಅಪ್ಪ ದಿನಾ ಕುಡಿಯೋದು ನಿಂಗೆ ಕಾಣೋದಿಲ್ವಾ?’ ಎಂದು ನನಗೇ ತಿರುಗಿಬಿದ್ದ. ಯಜಮಾನರು ಮಡಗಾಂವಿಗೆ ಮೀನಿನ ಟೆಂಪೋ ಹೊಡೆಯುತ್ತಾರೆ. ರಾತ್ರಿ ಒಂದು ಕ್ವಾರ್ಟರ್ ಬೇಕೇ ಬೇಕು, ಅದೊಂದು ಬಿಟ್ಟರೆ ಒಳ್ಳೆಯವರೇ. ಮಗನ ವಿಷಯ ಗೊತ್ತಾದ ದಿನ ಅವನಿಗೆ ಹೊಡೆದರು. ಆರು ತಿಂಗಳು ಬಾಗಿಲು ಹಾಕಿ ಇಟ್ಟುಕೊಳ್ಳುವ ಕೇಂದ್ರವಿದೆ, ಅಲ್ಲಿಗೆ ಹಾಕಿ ಎಂದು ಭಾವ ಹೇಳುತ್ತಾರೆ. ಪೊಲೀಸರಿಗೆ ಗೊತ್ತಾದರೆ ಮುಂದೆ ಸೀಬರ್ಡ್, ಕೈಗಾ ಕೆಲಸದ ಆಸೆಯನ್ನೇ ಬಿಡಬೇಕು ಅನ್ನುತ್ತಾರೆ. ನಮ್ಮ ಕರಾವಳಿಯ ಹುಡುಗರೆಲ್ಲ ಹೀಗೇ ಆಗಿಹೋದರಾ? ಗಾಂಜಾದಿಂದ ನಿಜವಾಗಿ ಏನಾಗುತ್ತದೆ? ಆ ಕೆಲಸ ಬಿಡಿಸಲಾ? ಇನ್ನೊಂದು ಮಾತು: ನನ್ನ ತಮ್ಮನಿಗೆ ಇಪ್ಪತ್ತೆರಡನೇ ವರ್ಷಕ್ಕೆ ತಲೆ ಕೆಟ್ಟು ಧಾರವಾಡದಲ್ಲಿ ಸೇರಿಸಿದ್ದೆವು, ಈಗಲೂ ಗುಳಿಗೆ ತಗೊಳ್ಳುತ್ತಾನೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಆದರೂ ಬರೆಯಬೇಕು ಅನ್ನಿಸಿತು.

— ಒಬ್ಬ ತಾಯಿ, ಕುಮಟಾ ತಾಲೂಕು

ಉತ್ತರ: ಸಂಬಂಧ ಇಲ್ಲವೆಂದು ನೀವು ಕೊನೆಗೆ ಸೇರಿಸಿದ ಆ ಮಾತಿನಿಂದಲೇ ಶುರುಮಾಡುತ್ತೇನೆ. ಮನೋವೈದ್ಯನಾಗಿ ನನಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಅದೇ. ಕಿಸೆಯಲ್ಲಿ ಸಿಕ್ಕ ಪುಡಿಗಿಂತಲೂ ಮುಖ್ಯ.

ನಿಮ್ಮ ತಮ್ಮನಿಗೆ ಬಂದದ್ದು ಸ್ಕಿಜೋಫ್ರೇನಿಯಾ ಅಥವಾ ಅದರ ಹತ್ತಿರದ ಕಾಯಿಲೆ ಇರಬಹುದು. ಇಪ್ಪತ್ತೆರಡಕ್ಕೆ ಶುರುವಾಗಿದೆ, ಈಗಲೂ ಗುಳಿಗೆ ನಡೆದಿದೆ ಎಂದಾಗ ಆ ಅನುಮಾನ ಬರುತ್ತದೆ. ಗಂಡುಮಕ್ಕಳಲ್ಲಿ ಈ ಕಾಯಿಲೆ ತಲೆ ಎತ್ತುವುದು ಹೆಚ್ಚಾಗಿ ಹದಿನೆಂಟರಿಂದ ಇಪ್ಪತ್ತೈದರ ಒಳಗೆ. ಅದು ರಕ್ತಸಂಬಂಧದಲ್ಲಿ ಹರಿಯುತ್ತದೆ. ತಂದೆ, ತಾಯಿ, ಅಣ್ಣ, ತಮ್ಮನಿಗೆ ಇದ್ದಾಗಿನಷ್ಟು ಅಪಾಯ ಸೋದರಮಾವನಿಗೆ ಇದ್ದಾಗ ಇಲ್ಲ, ಆದರೂ ಊರಿನ ಉಳಿದ ಹುಡುಗರಿಗಿಂತ ಒಂದು ಕೈ ಹೆಚ್ಚೇ. ಇಂಥ ಮನೆಯ ಹುಡುಗ ಹತ್ತೊಂಬತ್ತರಲ್ಲಿ ಗಾಂಜಾ ಸೇದುವುದೂ, ಅವನ ಗೆಳೆಯ ಸೇದುವುದೂ ಒಂದೇ ಅಲ್ಲ. ಅದೇ ಬೀಚು, ಅದೇ ಪುಡಿ. ಗೆಳೆಯನಿಗೆ ನಾಲ್ಕು ವರ್ಷದಲ್ಲಿ ಬೇಸರ ಬಂದು ಬಿಟ್ಟೂಹೋಗಬಹುದು, ಇವನಿಗೆ ನಾಲ್ಕು ತಿಂಗಳಲ್ಲಿ ಕಿವಿಯಲ್ಲಿ ಮಾತು ಕೇಳಲು ಶುರುವಾಗಬಹುದು.

ಆಗಿಯೇ ಆಗುತ್ತದೆ ಎಂದು ಹೇಳುತ್ತಿಲ್ಲ. ಸೇದುವವರಲ್ಲಿ ಬಹುಪಾಲು ಜನರಿಗೆ ಚಿತ್ತವಿಕಲತೆ, ಅಂದರೆ ಇಲ್ಲದ ಮಾತು ಕೇಳುವ, ಇಲ್ಲದ ಅನುಮಾನ ಹತ್ತುವ ಸ್ಥಿತಿ, ಬರುವುದಿಲ್ಲ. ಆದರೆ ಯುರೋಪಿನ ಹಲವು ಊರುಗಳು ಮತ್ತು ಬ್ರೆಜಿಲ್ ಸೇರಿಸಿ ಮಾಡಿದ, 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ದಿನವೂ ಗಾಂಜಾ ಬಳಸುವವರಿಗೆ ಚಿತ್ತವಿಕಲತೆಯ ಸಾಧ್ಯತೆ ಎಂದೂ ಬಳಸದವರಿಗಿಂತ ಮೂರು ಪಟ್ಟು ಹೆಚ್ಚಿತ್ತು. ಹೆಚ್ಚು ತೀಕ್ಷ್ಣ ಮಾಲನ್ನು ದಿನವೂ ಬಳಸುವವರಲ್ಲಿ ಸುಮಾರು ಐದು ಪಟ್ಟು. ಇನ್ನೊಂದು ಲೆಕ್ಕ ನನಗೆ ಇದಕ್ಕಿಂತ ಭಯದ್ದು. ಗಾಂಜಾ ಸೇದಿ ತಲೆ ಕೆಟ್ಟು ಆಸ್ಪತ್ರೆಗೆ ಬಂದು, ಗುಣವಾಗಿ ಮನೆಗೆ ಹೋದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಮುಂದಿನ ವರ್ಷಗಳಲ್ಲಿ ಸ್ಕಿಜೋಫ್ರೇನಿಯಾ ಕಾಯಂ ಆಗಿ ಕಾಣಿಸಿಕೊಳ್ಳುತ್ತದೆ. ‘ನಶೆ ಇಳಿದ ಮೇಲೆ ಸರಿ ಆಯ್ತಲ್ಲ’ ಎಂದು ಮನೆಯವರು ಗುಳಿಗೆ ನಿಲ್ಲಿಸಿಬಿಡುವುದು ಇಲ್ಲೇ ಎಡವಟ್ಟಾಗುತ್ತದೆ.

ಇದರ ಆರಂಭ ಸಿನಿಮಾದಲ್ಲಿ ತೋರಿಸಿದ ಹಾಗೆ ಬಟ್ಟೆ ಹರಿದುಕೊಂಡು ಓಡುವುದಲ್ಲ. ಬಹಳ ಸಪ್ಪಗೆ ಶುರುವಾಗುತ್ತದೆ. ರಾತ್ರಿಯೆಲ್ಲ ಎಚ್ಚರ, ಹಗಲು ಮಲಗುವುದು. ಕ್ರಿಕೆಟ್ಟಿಗೆ ಕರೆಯಲು ಬಂದ ಗೆಳೆಯರನ್ನು ಹೊರಗಿಂದ ಹೊರಗೇ ಕಳಿಸುವುದು. ಬಸ್‌ಸ್ಟ್ಯಾಂಡಿನಲ್ಲಿ ನಿಂತವರು ತನ್ನನ್ನೇ ನೋಡಿ ನಕ್ಕರು ಎಂದು ಒಂದು ದಿನ ಹೇಳುತ್ತಾನೆ. ವಾರದ ಮೇಲೆ, ಹೋಮ್‌ಸ್ಟೇಯವರು ತನ್ನ ಫೋನಿಗೆ ಏನೋ ಹಾಕಿದ್ದಾರೆ ಎನ್ನುತ್ತಾನೆ. ಫೋನಿನ ಕ್ಯಾಮೆರಾದ ಮೇಲೆ ಬ್ಯಾಂಡೇಜಿನ ಚೂರು ಅಂಟಿಸಿರುತ್ತಾನೆ. ಅಮ್ಮ ಬಡಿಸಿದ ಅನ್ನದ ವಾಸನೆ ನೋಡಿ ತಟ್ಟೆ ಸರಿಸುತ್ತಾನೆ. ಈ ಹಂತದಲ್ಲಿ ನಮ್ಮ ಕಡೆ ದೇವಸ್ಥಾನಕ್ಕೆ ಹೋಗಿ ಪ್ರಸಾದ ಕೇಳುತ್ತಾರೆ, ದೃಷ್ಟಿ ತೆಗೆಸುತ್ತಾರೆ. ಕೇಳಿ, ನನ್ನ ತಕರಾರಿಲ್ಲ. ಆದರೆ ಅದೇ ವಾರ ವೈದ್ಯರನ್ನೂ ಕಾಣಿ. ಚಿಕಿತ್ಸೆಯಿಲ್ಲದೆ ತಿಂಗಳು ತಿಂಗಳು ದಾಟಿದಷ್ಟೂ ಮರಳಿ ಮೊದಲಿನಂತಾಗುವುದು ಕಷ್ಟವಾಗುತ್ತ ಹೋಗುತ್ತದೆ. ನಿಮ್ಮ ಮಗ ನಿಮ್ಮೊಡನೆ ಜಗಳಕ್ಕೆ ನಿಂತು ವಾದ ಹೂಡಿದ್ದಾನೆ ಎಂಬುದು, ಈ ದೃಷ್ಟಿಯಿಂದ, ಒಳ್ಳೆಯ ಸುದ್ದಿ. ತರ್ಕ ಸರಿ ಇದೆ, ಮಾತು ಸರಿ ಇದೆ, ಕಾಲೇಜು ನಡೆದಿದೆ. ಇನ್ನೂ ಸಮಯವಿದೆ.

ಈಗ ಅವನ ವಾದಕ್ಕೆ ಬರೋಣ. ಅರ್ಧ ಸರಿಯಾಗಿಯೇ ಹೇಳಿದ್ದಾನೆ, ಆ ಅರ್ಧವನ್ನು ನೀವು ಒಪ್ಪಿಕೊಳ್ಳದೆ ಉಳಿದರ್ಧಕ್ಕೆ ಅವನು ಕಿವಿ ಕೊಡುವುದಿಲ್ಲ. ಗಾಂಜಾದ ಪ್ರಮಾಣ ಹೆಚ್ಚಾಗಿ ಆ ಗಳಿಗೆಯಲ್ಲೇ ಸಾಯುವುದು ಅಪರೂಪ, ನಿಜ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ ಮದ್ಯದಿಂದ 26 ಲಕ್ಷ ಜನ ಸತ್ತರೆ, ಉಳಿದೆಲ್ಲ ಮಾದಕವಸ್ತುಗಳು ಸೇರಿ ಸತ್ತವರು 6 ಲಕ್ಷ. ಅಪ್ಪನ ಬಾಟಲಿಯ ಬಗ್ಗೆ ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ.

ಆದರೆ ಸಾಯಲಿಲ್ಲ ಎಂಬುದೊಂದೇ ಅಳತೆಗೋಲೆ? ಹತ್ತೊಂಬತ್ತರ ಹುಡುಗನ ಮಿದುಳು ಇನ್ನೂ ಬೆಳೆಯುತ್ತಿರುತ್ತದೆ, ಅದು ಪಕ್ವವಾಗುವುದು ಸುಮಾರು ಇಪ್ಪತ್ತೈದಕ್ಕೆ. ಮುಂದಾಲೋಚನೆ, ತಡೆದುಕೊಳ್ಳುವ ಶಕ್ತಿ ಇವು ಕೊನೆಗೆ ಬಲಿಯುವ ಭಾಗಗಳು. ನಿತ್ಯ ಸೇದುವ ವಿದ್ಯಾರ್ಥಿಯಲ್ಲಿ ಮೊದಲು ಕಾಣುವುದು ನೆನಪಿನ ಸೋರಿಕೆ: ಓದಿದ ಪುಟ ಸಂಜೆಗೆ ಇರುವುದಿಲ್ಲ. ಆಮೇಲೆ ಯಾವುದಕ್ಕೂ ಮನಸ್ಸಿಲ್ಲದ ಒಂದು ಜಡತನ. ‘ಮಾಡಿದರಾಯ್ತು’ ಎನ್ನುತ್ತ ಎರಡು ಸೆಮಿಸ್ಟರ್ ಬಾಕಿ ಉಳಿಸಿಕೊಂಡ ಹುಡುಗರು ನನ್ನ ಹತ್ತಿರ ಬರುತ್ತಾರೆ; ತಮಗೆ ಏನೂ ಆಗಿಲ್ಲವೆಂದೇ ಅವರ ನಂಬಿಕೆ. ಸೇದಿದ ಗಂಟೆಗಳಲ್ಲಿ ಎದೆಬಡಿತ ಏರುತ್ತದೆ, ದೂರ ಮತ್ತು ವೇಗದ ಅಂದಾಜು ತಪ್ಪುತ್ತದೆ. ಶಿರಸಿ ಕಡೆಗೆ ದೇವಿಮನೆ ಘಟ್ಟ ಹತ್ತುವ ಬೈಕಿನ ಮೇಲೆ ಕೂತವನಿಗೆ ಅದು ಸಾಕು, ಗಾಂಜಾ ನೇರವಾಗಿ ಕೊಲ್ಲಬೇಕಾಗಿಲ್ಲ. ವರ್ಷಗಟ್ಟಲೆ ಸೇದಿದ ಕೆಲವರಿಗೆ ತಡೆಯಲಾಗದ ವಾಂತಿಯ ಕಾಯಿಲೆ ಬರುತ್ತದೆ. ಬಿಸಿನೀರು ಸುರಿದುಕೊಂಡರೆ ಮಾತ್ರ ಸ್ವಲ್ಪ ಸಮಾಧಾನ. ಹೊಟ್ಟೆಯ ಸ್ಕ್ಯಾನಿಂಗ್ ಮೇಲೆ ಸ್ಕ್ಯಾನಿಂಗ್ ಆಗಿ, ಏನೂ ಸಿಗದೆ, ಕೊನೆಗೆ ಯಾರೋ ‘ಎಷ್ಟು ಹೊತ್ತು ಬಚ್ಚಲಲ್ಲಿ ಇರ್ತೀ?’ ಎಂದು ಕೇಳಿದಾಗ ಗುಟ್ಟು ಹೊರಬೀಳುತ್ತದೆ.

ಚಟ ಹತ್ತುತ್ತದೆಯೇ? ಹತ್ತುತ್ತದೆ, ಎಲ್ಲರಿಗೂ ಅಲ್ಲ. ಬಳಸುವವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ. ಹದಿಹರೆಯದಲ್ಲೇ ಶುರುಮಾಡಿದವರಲ್ಲಿ ಆರರಲ್ಲಿ ಒಬ್ಬರಿಗೆ. ಬಿಟ್ಟ ಮರುದಿನದಿಂದ ಸಿಡುಕು, ನಿದ್ರೆಗೇಡು, ಊಟ ಸೇರದಿರುವುದು, ವಿಚಿತ್ರ ಕನಸು ಇವು ಶುರುವಾಗಿ ಮೊದಲ ವಾರ ಜೋರಾಗಿದ್ದು ಎರಡು ವಾರದಲ್ಲಿ ಇಳಿಯುತ್ತವೆ. ಇದರಲ್ಲಿ ಜೀವಕ್ಕೆ ಅಪಾಯವಿಲ್ಲ, ಮನೆಯಲ್ಲೇ ದಾಟಬಹುದು. ಇನ್ನೊಂದು ಸಂಗತಿ ಮನೆಯವರ ಗಮನಕ್ಕೆ ಬರುವುದಿಲ್ಲ. ನಮ್ಮಲ್ಲಿ ಗಾಂಜಾವನ್ನು ಸಾಮಾನ್ಯವಾಗಿ ಸಿಗರೇಟು ಬಿಚ್ಚಿ ಅದರ ತಂಬಾಕಿನ ಜೊತೆ ಕಲಸಿ ಸೇದುತ್ತಾರೆ. ಹುಡುಗನಿಗೆ ಗೊತ್ತಿಲ್ಲದೆಯೇ ನಿಕೋಟಿನ್ ಚಟವೂ ಜೊತೆಗೆ ಬೆಳೆದಿರುತ್ತದೆ. ಗಾಂಜಾ ಬಿಟ್ಟೆ ಎಂದವನು ಗುಟ್ಕಾಕ್ಕೆ ಹೊರಳುವುದು, ಸಿಗರೇಟು ಹಚ್ಚಿದ ಕೂಡಲೇ ಹಳೆಯ ಆಸೆ ಮರಳುವುದು ಇದರಿಂದಲೇ. ಎರಡನ್ನೂ ಒಟ್ಟಿಗೆ ಬಿಡಿಸುವುದೇ ಲೇಸು.

ಸಾಧುಗಳ ವಿಷಯ. ಗೋಕರ್ಣಕ್ಕೆ ಶಿವರಾತ್ರಿಗೆ ಬರುವ ಸಾಧುವಿಗೆ ಓದಬೇಕಾದ ಪರೀಕ್ಷೆಯಿಲ್ಲ, ಓಡಿಸಬೇಕಾದ ಬೈಕಿಲ್ಲ. ಅವರಲ್ಲಿ ಎಷ್ಟು ಜನರ ಮನಸ್ಸು ಹೇಗಿದೆ ಎಂದು ಯಾರೂ ವಿಚಾರಿಸುವುದೂ ಇಲ್ಲ. ಅದಕ್ಕಿಂತ ಮುಖ್ಯವಾದದ್ದು ಮಾಲಿನ ತೀಕ್ಷ್ಣತೆ. ಗಾಂಜಾದಲ್ಲಿ ಅಮಲೇರಿಸುವ ಅಂಶದ ಹೆಸರು ಟಿಎಚ್‌ಸಿ. ಈಗ ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬೀಳುತ್ತಿರುವ ಹೈಡ್ರೋಪೋನಿಕ್ ಗಾಂಜಾ, ಅಂದರೆ ಮುಚ್ಚಿದ ಕೋಣೆಯಲ್ಲಿ ನೀರು–ಬೆಳಕು ಕೊಟ್ಟು ಬೆಳೆಸಿದ್ದು, ಗದ್ದೆಯ ಬದಿಯ ಹಳೆಯ ಗಿಡವಲ್ಲ, ಹಲವು ಪಟ್ಟು ಖಾರ. ಪ್ರವಾಸಿಗರ ಕೈಯಿಂದ ಹುಡುಗನ ಕೈಗೆ ಬಂದದ್ದು ಯಾವುದು ಎಂದು ಅವನಿಗೂ ತಿಳಿದಿರುವುದಿಲ್ಲ. ‘ಅಮೆರಿಕದಲ್ಲಿ ಔಷಧ’ ಎಂದೂ ಹೇಳಿಯಾನು. ಅಲ್ಲಿ 2018ರಲ್ಲಿ ಒಪ್ಪಿಗೆ ಪಡೆದದ್ದು ಮಕ್ಕಳ ಕೆಲವು ಅಪರೂಪದ ಅಪಸ್ಮಾರಗಳಿಗೆ, ಗಿಡದಿಂದ ಬೇರ್ಪಡಿಸಿ ಶುದ್ಧಮಾಡಿದ ಒಂದು ಅಂಶ. ಅದು ಅಮಲೇರಿಸುವುದಿಲ್ಲ.

ಕರಾವಳಿಯ ಹುಡುಗರೆಲ್ಲ ಹೀಗಾದರಾ ಎಂದು ಕೇಳಿದ್ದೀರಿ. ಇಲ್ಲ. ದೇಶದ ಮಟ್ಟಿಗೆ ನಂಬಬಹುದಾದ ದೊಡ್ಡ ಸಮೀಕ್ಷೆ ದೆಹಲಿಯ ಏಮ್ಸ್ ನಡೆಸಿದ್ದು, 2019ರಲ್ಲಿ ಹೊರಬಂತು. ಎರಡು ಲಕ್ಷ ಮನೆಗಳಿಗೆ ಹೋಗಿ, 10ರಿಂದ 75 ವಯಸ್ಸಿನ ನಾಲ್ಕೂಮುಕ್ಕಾಲು ಲಕ್ಷದಷ್ಟು ಜನರನ್ನು ಮಾತಾಡಿಸಿದರು. ಹಿಂದಿನ ಒಂದು ವರ್ಷದಲ್ಲಿ ಮದ್ಯ ಕುಡಿದವರು ನೂರಕ್ಕೆ 14.6, ಲೆಕ್ಕ ಹಾಕಿದರೆ 16 ಕೋಟಿ. ಭಂಗಿ (ಅದೇ ಗಿಡದ ಎಲೆ), ಗಾಂಜಾ, ಚರಸ್ (ಅದರ ಅಂಟು) ಎಲ್ಲ ಸೇರಿ 2.8, ಅಂದರೆ ಸುಮಾರು 3.1 ಕೋಟಿ. ಅದರಲ್ಲೂ ಭಂಗಿಯದೇ ಹೆಚ್ಚಿನ ಪಾಲು, ಗಾಂಜಾ–ಚರಸ್ ಬಳಸಿದವರು ನೂರಕ್ಕೆ 1.2. ಅಫೀಮಿನ ಕುಟುಂಬದ ವಸ್ತುಗಳು, ಹೆರಾಯಿನ್ ಮತ್ತು ನೋವಿನ ಗುಳಿಗೆ ಸೇರಿ, 2.1. ಮೂಸುವ ವಸ್ತುಗಳಲ್ಲಿ ಮಾತ್ರ ಲೆಕ್ಕ ತಿರುವುಮುರುವು: ದೊಡ್ಡವರಲ್ಲಿ 0.58 ಇದ್ದರೆ ಮಕ್ಕಳಲ್ಲಿ 1.17. ವೈಟ್ನರ್, ಪಂಕ್ಚರ್ ಸೊಲ್ಯೂಷನ್ ಇವೇ ಅವು, ಯಾವ ಅಂಗಡಿಯಲ್ಲೂ ಸಿಗುತ್ತವೆ.

ಪತ್ರಿಕೆಯಲ್ಲಿ ನೀವು ಓದುವುದು ಈ ಲೆಕ್ಕವನ್ನಲ್ಲ. ‘ಗೋಕರ್ಣದಲ್ಲಿ ಗಾಂಜಾ ವಶ, ಇಬ್ಬರ ಬಂಧನ’ ಎಂಬ ಸುದ್ದಿ ಪೊಲೀಸರು ಎಷ್ಟು ತಪಾಸಣೆ ಮಾಡಿದರು ಎಂಬುದನ್ನು ಹೇಳುತ್ತದೆ, ಊರಲ್ಲಿ ಎಷ್ಟು ಜನ ಸೇದುತ್ತಾರೆ ಎಂಬುದನ್ನಲ್ಲ. ತಪಾಸಣೆ ಹೆಚ್ಚಿದ ವರ್ಷ ಪ್ರಕರಣವೂ ಹೆಚ್ಚುತ್ತದೆ. ಬೀಚುಗಳ ಅಕ್ಕಪಕ್ಕ, ಗೋವಾ ಗಡಿಯ ಹತ್ತಿರ ವಸ್ತು ಕೈಗೆಟುಕುವುದು ಸುಲಭ ಎಂಬುದು ಸತ್ಯ. ಪ್ರವಾಸಿಗರ ಜೊತೆ ಕೆಲಸ ಮಾಡುವ ಹುಡುಗರಿಗೆ ಅದು ಕಾಸಿಲ್ಲದೆಯೂ ಸಿಗುತ್ತದೆ, ಟಿಪ್ಸ್ ಜೊತೆಗೆ. ಆದರೂ ಕಾರವಾರದಿಂದ ಭಟ್ಕಳದವರೆಗಿನ ಆಸ್ಪತ್ರೆಗಳ ಹಾಸಿಗೆಗಳನ್ನು ಎಣಿಸಿದರೆ ಗಾಂಜಾದವರು ಬೆರಳೆಣಿಕೆ, ಸೆರೆಯವರು, ಅಂದರೆ ಮದ್ಯ ಕುಡಿಯುವವರು, ಸಾಲುಸಾಲು. ಹುಡುಗ ಸೇದಿದರೆ ಮನೆತನದ ಮಾನ ಹೋಯಿತು ಎನ್ನುವ ಊರು ಅಪ್ಪ ಕುಡಿದರೆ ‘ಗಂಡಸರಲ್ವಾ, ದಣಿದು ಬರ್ತಾರೆ’ ಎನ್ನುತ್ತದೆ. ಈ ಎರಡು ತಕ್ಕಡಿಯನ್ನು ಮಕ್ಕಳು ನಮಗಿಂತ ಮೊದಲು ಗುರುತಿಸುತ್ತಾರೆ.

ಹಾಗಾಗಿ ನೀವು ಕೇಳದಿದ್ದರೂ ಯಜಮಾನರ ವಿಷಯ ಹೇಳಲೇಬೇಕು. 180 ಮಿ.ಲೀ. ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. ದಿನವೂ ಅಷ್ಟು, ವರ್ಷಗಟ್ಟಲೆ ಎಂದರೆ ಪಿತ್ತಜನಕಾಂಗದಲ್ಲಿ ಕೊಬ್ಬು ಕಟ್ಟಿ, ಮುಂದೆ ಅದು ಗಂಟುಗಟ್ಟುವ ಹಾದಿ. ರಕ್ತದೊತ್ತಡ, ಬಾಯಿ–ಅನ್ನನಾಳದ ಕ್ಯಾನ್ಸರು ಬೇರೆ. ಕವಳವೋ ಗುಟ್ಕಾವೋ ತಂಬಾಕು ಬಾಯಲ್ಲಿದ್ದರೆ ಆ ಕ್ಯಾನ್ಸರಿನ ಅಪಾಯ ಎರಡೂ ಕೂಡಿದ್ದಕ್ಕಿಂತ ಹೆಚ್ಚು. ಗೋವಾದಲ್ಲಿ ತೆರಿಗೆ ಕಡಿಮೆ, ಸೆರೆ ಅಗ್ಗ. ಗಡಿಯಾಚೆ ದಿನವೂ ಓಡಾಡುವ ಚಾಲಕರಿಗೆ ಕ್ವಾರ್ಟರು ಅರ್ಧ ಬಾಟಲಿಯಾಗಲು ತಡವಾಗುವುದಿಲ್ಲ. ಕರ್ನಾಟಕ 2007ರಲ್ಲಿ ಸಾರಾಯಿ ನಿಲ್ಲಿಸಿದಾಗ ಕೊಟ್ಟೆ ಹೋಯಿತು, ಕುಡಿತ ಹೋಗಲಿಲ್ಲ.

ಒಂದು ಎಚ್ಚರಿಕೆ. ಮಗನ ಮೇಲಿನ ಸಿಟ್ಟಿಗೆ, ‘ನಾನೂ ಬಿಟ್ಟೆ, ನೀನೂ ಬಿಡು’ ಎಂದು ಅವರು ಒಂದೇ ಏಟಿಗೆ ನಿಲ್ಲಿಸಿದರೆ ಮೆಚ್ಚುವ ಮೊದಲು ಅವರ ಕೈ ನೋಡಿ. ದಿನವೂ ಕುಡಿಯುವವರು ಹಠಾತ್ತಾಗಿ ಬಿಟ್ಟಾಗ ಮೊದಲ ಎರಡು ದಿನದಲ್ಲಿ ನಡುಕ, ಬೆವರು, ಕೆಲವರಿಗೆ ಫಿಟ್ಸ್. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಸನ್ನಿ. ಕಾಲು ಮುರಿದೋ, ಹರ್ನಿಯಾ ಆಪರೇಷನ್ನಿಗೋ ಸೇರಿದ ಮೀನುಗಾರ, ಮೂರನೇ ರಾತ್ರಿ ಹಾಸಿಗೆಯ ಮೇಲೆ ಕೂತು ಬರಿಗಾಳಿಯಲ್ಲಿ ಬಲೆಯ ಸಿಕ್ಕು ಬಿಡಿಸುತ್ತಿರುತ್ತಾನೆ. ಬೆರಳು ಕಣ್ಣಿಯಿಂದ ಕಣ್ಣಿಗೆ ಹೋಗುತ್ತವೆ, ನಡುವೆ ನಿಂತು ಒಂದು ಮೀನು ಕಿತ್ತು ಪಕ್ಕಕ್ಕೆ ಎಸೆಯುತ್ತಾನೆ. ಘಟ್ಟದ ಮೇಲಿಂದ ಬಂದವನಾದರೆ ಅಡಿಕೆ ಸುಲಿಯುತ್ತಿರುತ್ತಾನೆ. ಕೈ ಯಾವ ಕೆಲಸ ಕಲಿತಿದೆಯೋ ಅದನ್ನೇ ಮಾಡುತ್ತದೆ. ನೋಡಿದ ಮನೆಯವರಿಗೆ ನಗುವೂ ಬರುತ್ತದೆ, ಆದರೆ ಅದು ಪ್ರಾಣಕ್ಕೆ ಬರುವ ಸ್ಥಿತಿ. ಇದಕ್ಕೆ ಗುಳಿಗೆಗಳಿವೆ, ಥಯಾಮಿನ್ ಎಂಬ ಜೀವಸತ್ವದ ಇಂಜೆಕ್ಷನ್ ಇದೆ. ಬರೇ ಸಲಾಯಿನ್ ಹಚ್ಚಿ ಮಲಗಿಸಿದರೆ ಸಾಲದು. ಊರಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳಿಗೆ ಹೋಗುವವರೂ ಮೊದಲು ವೈದ್ಯರಿಗೆ ತೋರಿಸಿ ಹೋಗಬೇಕೆಂದು ನಾನು ಹೇಳುವುದು ಇದಕ್ಕೇ. ಗಾಂಜಾ ಬಿಟ್ಟರೆ ಸಿಟ್ಟು ಬರುತ್ತದೆ, ಸೆರೆ ಒಮ್ಮೆಲೇ ಬಿಟ್ಟರೆ ಜೀವ ಹೋಗಬಹುದು. ಮನೆಮಂದಿ ಇದನ್ನು ಸಾಮಾನ್ಯವಾಗಿ ತಿರುವಿ ತಿಳಿದುಕೊಂಡಿರುತ್ತಾರೆ.

‘ಅವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ, ಚಟ ಬಿಡಿಸಿ’ ಎಂಬ ಪುಡಿಯ ಜಾಹೀರಾತು ನೀವೂ ನೋಡಿರುತ್ತೀರಿ. ಕೈ ಹಾಕಬೇಡಿ. ಡೈಸಲ್ಫಿರಾಮ್ ಎಂಬ ಔಷಧ ಮೈಯಲ್ಲಿದ್ದಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಕುಡಿಯುವವನಿಗೆ ಗೊತ್ತಿದ್ದು, ಒಪ್ಪಿ ತೆಗೆದುಕೊಂಡರೆ ಅದು ಔಷಧ. ಕದ್ದು ಸಾರಿನಲ್ಲಿ ಹಾಕಿದರೆ, ಟೆಂಪೋ ಹೊಡೆಯುವ ಮನುಷ್ಯನಿಗೆ, ವಿಷ.

ಉಳಿದ ವಸ್ತುಗಳ ಬಗ್ಗೆ ಗುರುತು ಹಿಡಿಯುವಷ್ಟು ಮಾತ್ರ ಹೇಳುತ್ತೇನೆ. ಗಾಂಜಾಕ್ಕೆ ಕೆಂಪು ಕಣ್ಣು, ಒಣ ಬಾಯಿ, ಹೊತ್ತಲ್ಲದ ಹೊತ್ತಿನಲ್ಲಿ ಹಸಿವು. ರಾತ್ರಿಯೆಲ್ಲ ನಿದ್ದೆಯಿಲ್ಲ, ದವಡೆ ಕಚ್ಚುತ್ತಾನೆ, ಮೈ ಸುಡುತ್ತದೆ, ಎರಡು ದಿನದ ಮೇಲೆ ಸತ್ತಂತೆ ಮಲಗುತ್ತಾನೆ ಎಂದರೆ ಎಂಡಿಎಂಎಯಂಥ ಪಾರ್ಟಿ ಗುಳಿಗೆಯ ಅನುಮಾನ. ಅದರೊಳಗೆ ಏನೇನು ಬೆರೆತಿದೆ ಎಂದು ಮಾರಿದವನಿಗೂ ಗೊತ್ತಿರುವುದಿಲ್ಲ, ಮೈಯ ಉಷ್ಣ ಏರಿ ಸಾಯುವವರು ಇದರಲ್ಲಿದ್ದಾರೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ, ತೂಕಡಿಸುತ್ತಿದ್ದು, ಸಿಗದ ದಿನ ಮೂಗು ಸುರಿದು ಮೈಕೈ ನೋವೆಂದರೆ ನೋವಿನ ಗುಳಿಗೆ ಅಥವಾ ಹೆರಾಯಿನ್. ಇದರಲ್ಲಿ ಪ್ರಮಾಣ ಮೀರಿದರೆ ಉಸಿರೇ ನಿಲ್ಲುತ್ತದೆ, ಕೆಲವು ವಾರ ಬಿಟ್ಟು ಮತ್ತೆ ಹಳೆಯ ಪ್ರಮಾಣಕ್ಕೇ ಹೋದವರಿಗೆ ಹೆಚ್ಚು ಅಪಾಯ. ನಿಮ್ಮ ಪತ್ರದಲ್ಲಿ ಇವು ಯಾವುದರ ಲಕ್ಷಣವೂ ಇಲ್ಲ.

ಭಾವ ಹೇಳಿದ ಆರು ತಿಂಗಳ ಕೇಂದ್ರ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಚಟ ಬಿಡಿಸಲು ಜನರನ್ನು ಸೇರಿಸಿಕೊಳ್ಳುವ ಕೇಂದ್ರವೂ ನೋಂದಣಿ ಮಾಡಿಸಿರಬೇಕು. ಒಲ್ಲದ ವಯಸ್ಕನನ್ನು ಸೇರಿಸಬೇಕಾದರೆ ತನಗೋ ಇತರರಿಗೋ ಅಪಾಯ ಮಾಡಿಕೊಳ್ಳುವಷ್ಟು, ಇಲ್ಲವೇ ತನ್ನನ್ನು ತಾನು ನೋಡಿಕೊಳ್ಳಲಾಗದಷ್ಟು ಸ್ಥಿತಿ ಕೆಟ್ಟಿದೆಯೆಂದು ತಜ್ಞರು ಪರೀಕ್ಷಿಸಿ ಬರೆಯಬೇಕು. ಆಗಲೂ ಮೊದಲ ಅವಧಿ 30 ದಿನ ದಾಟುವಂತಿಲ್ಲ. ಕಟ್ಟಿಹಾಕುವುದು, ಸರಪಳಿ ಹಾಕುವುದು ಅಪರಾಧ. ಕಾನೂನು ಹಾಗಿರಲಿ; ವಾರಕ್ಕೆ ಎರಡು ದಿನ ಸೇದುವ ಹುಡುಗನನ್ನು ಹತ್ತು ವರ್ಷದ ಹೆರಾಯಿನ್ ಚಟದವರ ನಡುವೆ ಆರು ತಿಂಗಳು ಕೂರಿಸಿದರೆ ಅವನು ಕಲಿತು ಬರುವುದೇನು? ಕಾಲೇಜೂ ಹೋಗುತ್ತದೆ, ನಿಮ್ಮ ಮೇಲಿನ ವಿಶ್ವಾಸವೂ ಹೋಗುತ್ತದೆ. ಗಾಂಜಾ ಬಿಡಿಸಲೆಂದೇ ಒಪ್ಪಿತವಾದ ಗುಳಿಗೆಯೇನೂ ಇಲ್ಲ, ಚಿಕಿತ್ಸೆ ಮುಖ್ಯವಾಗಿ ಮಾತು. ಬೈಯುವ ಮಾತಲ್ಲ, ಅವನು ಯಾವಾಗ, ಯಾರ ಜೊತೆ, ಏತಕ್ಕೆ ಸೇದುತ್ತಾನೆ ಎಂದು ಅವನ ಬಾಯಲ್ಲೇ ಬರಿಸಿ, ಬಿಡುವ ಕಾರಣವನ್ನೂ ಅವನಿಂದಲೇ ಹೊರಡಿಸುವ ಮಾತು. ಜೊತೆಗೆ ನಿದ್ರೆ, ಆತಂಕ, ಖಿನ್ನತೆ ಇದ್ದರೆ ಅದಕ್ಕೆ ಔಷಧ.

ಪೊಲೀಸರ ಭಯ ಸುಳ್ಳಲ್ಲ. ಮಾದಕವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾಕ್ಕೆ ಒಂದು ಕಿಲೋವರೆಗೆ ‘ಸಣ್ಣ ಪ್ರಮಾಣ’. ಅಷ್ಟರೊಳಗೆ ಇಟ್ಟುಕೊಂಡರೆ ಒಂದು ವರ್ಷದವರೆಗೆ ಸಜೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಸೇದಿದ್ದಕ್ಕೂ ಬೇರೆ ಶಿಕ್ಷೆಯಿದೆ. ಪ್ರಕರಣ ದಾಖಲಾದರೆ ಕೆಲಸದ ಪೊಲೀಸ್ ವೆರಿಫಿಕೇಶನ್ನಿನಲ್ಲಿ ತೊಡಕು ಬರುವುದು ಸಹಜ, ಇದನ್ನು ಮಗನಿಗೆ ತಿಳಿಯುವಂತೆ ಹೇಳಿ. ಆದರೆ ಚಿಕಿತ್ಸೆಗೆ ಬಂದದ್ದರಿಂದ ಪ್ರಕರಣವಾಗುತ್ತದೆ ಎಂಬ ಹೆದರಿಕೆ ಬೇಡ. ವೈದ್ಯರು ರೋಗಿಯ ವಿಷಯವನ್ನು ಗುಟ್ಟಾಗಿಡಲು ಕಾನೂನಿನಿಂದಲೇ ಬದ್ಧರು. ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿಬಿದ್ದ ವ್ಯಸನಿ ಕೂಡ ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಕಡೆ ಚಿಕಿತ್ಸೆ ಪೂರ್ತಿ ಪಡೆದರೆ ವಿಚಾರಣೆಯಿಂದ ವಿನಾಯಿತಿ ಕೊಡುವ ಕಲಂ ಇದೆ, 64ಎ. ಬಹಳ ವಕೀಲರೂ ಅದನ್ನು ನೆನಪಿಸುವುದಿಲ್ಲ. ಮತ್ತೆ, ಅವನಿಗೆ 19 ಆದದ್ದರಿಂದ ಅವನು ನನ್ನೆದುರು ಹೇಳಿದ್ದನ್ನೆಲ್ಲ ನಾನು ನಿಮಗೂ ಹೇಳುವಂತಿಲ್ಲ. ಬೇಸರ ಮಾಡಿಕೊಳ್ಳಬೇಡಿ, ಆ ಭರವಸೆ ಇದ್ದರೇ ಅವನು ಬಾಯಿ ಬಿಡುವುದು.

ಮೆಡಿಕಲ್ ಶಾಪಿನಲ್ಲಿ ಸಿಗುವ ಮೂತ್ರಪರೀಕ್ಷೆಯ ಕಿಟ್ ತಂದು ಗುಟ್ಟಾಗಿ ಪರೀಕ್ಷಿಸುವ ಯೋಚನೆ ಬಂದಿದ್ದರೆ ಬಿಡಿ. ದಿನವೂ ಸೇದುವವನು ಬಿಟ್ಟ ಮೇಲೂ ತಿಂಗಳವರೆಗೆ ಮೂತ್ರದಲ್ಲಿ ಕಾಣಿಸಬಹುದು. ನಿಜವಾಗಿ ಬಿಟ್ಟವನನ್ನು ಸುಳ್ಳುಗಾರ ಮಾಡಿದಂತಾಗುತ್ತದೆ. ಅದರ ಬದಲು, ಅಪ್ಪ ಇಲ್ಲದ ಹೊತ್ತು ನೋಡಿ, ಅವನು ಉಂಡಾದ ಮೇಲೆ ಕೂತು ಮಾತಾಡಿ. ಗಾಂಜಾ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದಕ್ಕೆ ಇಳಿಯಬೇಡಿ, ಫೋನಿನಲ್ಲಿ ಹುಡುಕಿ ಅವನೇ ಗೆಲ್ಲುತ್ತಾನೆ. ಮಾವನ ಕಥೆ ಹೇಳಿ. ‘ತಮಾ, ಮಾವನಿಗೆ ಹೇಗೆ ಶುರುವಾಯ್ತು ಅಂತ ನಿಂಗೆ ಯಾರೂ ಹೇಳಿಲ್ಲ. ಅವನೂ ನಿನ್ನ ಹಾಗೇ ಹುಷಾರಿದ್ದ’ ಎಂದು ಶುರುಮಾಡಿ, ನೀವು ಕಂಡದ್ದನ್ನು ಕಂಡ ಹಾಗೆ ಹೇಳಿ. ಇಂಥ ಕಾಯಿಲೆಯನ್ನು ನಾವು ಮನೆಯ ಮಕ್ಕಳಿಂದ ಮುಚ್ಚಿಡುತ್ತೇವೆ, ಮದುವೆ–ಸಂಬಂಧಕ್ಕೆ ಅಡ್ಡಿಯೆಂದು. ಮುಚ್ಚಿಟ್ಟದ್ದರಿಂದ ಆ ಮಕ್ಕಳಿಗೆ ತಮ್ಮ ಅಪಾಯವೇ ಗೊತ್ತಿರುವುದಿಲ್ಲ. ಅಪ್ಪನ ಕುಡಿತದ ಮಾತು ತೆಗೆದರೆ, ‘ಹೌದು, ಅದೂ ತಪ್ಪೇ, ಅವರನ್ನೂ ಕರಕೊಂಡು ಹೋಗ್ತೇನೆ’ ಎನ್ನಿ. ಹೇಳಿದ ಮೇಲೆ ಕರೆದುಕೊಂಡೂ ಹೋಗಿ. ಒಂದೇ ದಿನ, ಒಂದೇ ಬಸ್ಸಿಗೆ ಇಬ್ಬರನ್ನೂ ತಂದ ತಾಯಂದಿರು ನನ್ನಲ್ಲಿಗೆ ಬಂದದ್ದಿದೆ. ಅಂಥ ಮನೆಗಳಲ್ಲಿ ಮಗ ಬೇಗ ದಾರಿಗೆ ಬರುತ್ತಾನೆ.

ಎಲ್ಲಿಗೆ ಹೋಗಬೇಕು? ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆಯಿದೆ. ಕುಮಟಾದಲ್ಲಿ ಯಾವ ಮಂಗಳವಾರ ಎಂದು ಮೊದಲು ವಿಚಾರಿಸಿಕೊಂಡು ಹೋಗಿ. ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಕ್ರಿಮ್ಸ್ ಇದೆ. ಹೆಚ್ಚಿನದು ಬೇಕಾದರೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್, ನಿಮಗೆ ಗೊತ್ತಿರುವ ಜಾಗವೇ. ಹೋಗುವ ಮೊದಲು ಮಾತಾಡಬೇಕೆನಿಸಿದರೆ 14416ಕ್ಕೆ ಫೋನ್ ಮಾಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಚಟದ ವಿಷಯಕ್ಕೆಂದೇ ಇರುವ ಸಂಖ್ಯೆ 14446. ಆದರೆ ಮೇಲೆ ಹೇಳಿದ ಅನುಮಾನ, ಕಿವಿಯಲ್ಲಿ ಮಾತು ಕೇಳುವುದು, ನಿದ್ದೆಗೇಡು ಕಂಡರೆ ಮಂಗಳವಾರಕ್ಕೆ ಕಾಯಬೇಡಿ, ಅಂದೇ ಹೊರಡಿ.

ಹೋಮ್‌ಸ್ಟೇ ಕೆಲಸ ಈಗಲೇ ಬಿಡಿಸುವುದು ಬೇಡ ಎಂದು ನನ್ನ ಅಭಿಪ್ರಾಯ. ಸ್ವಂತ ದುಡಿಮೆಯ ದುಡ್ಡು, ಅದರ ಹುರುಪು ಅವನ ಕೈಯಲ್ಲಿದೆ, ಅದನ್ನು ಕಿತ್ತುಕೊಂಡರೆ ಖಾಲಿ ಶನಿವಾರ ಉಳಿಯುತ್ತದೆ. ರಾತ್ರಿ ಪಾಳಿ ಬಿಟ್ಟು ಹಗಲಿನ ಕೆಲಸ ಕೇಳಿಕೊಳ್ಳಲಿ, ಅಡುಗೆಮನೆಯಲ್ಲೋ ರಿಸೆಪ್ಷನ್ನಿನಲ್ಲೋ. ಕೆಲಸ ಮುಗಿದ ಮೇಲೆ ಅತಿಥಿಗಳ ಜೊತೆ ಬೀಚಿಗೆ ಇಳಿಯದೆ ಕೊನೇ ಬಸ್ಸಿಗೆ ಮನೆಗೆ ಬರಲಿ. ಎರಡು ತಿಂಗಳು ಹಾಗೆ ನಡೆಸಿ ನೋಡಿ. ಅಷ್ಟರಲ್ಲೂ ಕಿಸೆಯಲ್ಲಿ ಕಾಗದದ ಪಾಕೀಟು ಸಿಗುತ್ತಿದ್ದರೆ ಆಗ ಕೆಲಸ ಬಿಡಿಸುವ ಮಾತು, ಅದೂ ಅವನನ್ನು ಎದುರು ಕೂರಿಸಿಕೊಂಡೇ.